ಮುಟ್ಟಿ ನೋಡಿ!

ನಮ್ಮ ತಂಡದಲ್ಲಿ ನಾಲ್ವರಿದ್ದೆವು. ಒಬ್ಬಳಿಗೆ ಸೋಲ್ಡರಿಂಗ್ ಬರುತ್ತಿತ್ತು, ಒಬ್ಬನಿಗೆ ಮರಗೆಲಸ, ಇನ್ನೊಬ್ಬನಿಗೆ ಇವರಿಬ್ಬರನ್ನೂ ಬೈಯುವುದು. ಹಾಗಾಗಿ ಅವನೇ ನಾಯಕ. ನನಗೆ ಏನೂ ಬರುತ್ತಿರಲಿಲ್ಲವಾದ್ದರಿಂದ ಬೋರ್ಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಸಾರ್ವಜನಿಕರಿಗಾಗಿ ನಡೆಯುವ ವಿಜ್ಞಾನ ಪ್ರದರ್ಶನ. ಷರತ್ತು ಒಂದೇ: ಬಂದವರು ದೂರ ನಿಂತು ತಲೆಯಾಡಿಸಿ ಹೋಗಬಾರದು, ತಾವೇ ಕೈಯಾರೆ ಮಾಡಿ ನೋಡಬೇಕು. ನಾವು ಮಾಡಿದ್ದು ಕೈಯಲ್ಲಿ ತಿರುಗಿಸುವ ಜನರೇಟರ್. ಮೋಟರನ್ನು ತಿರುಗಿಸಿದರೆ ಅದೇ ಕರೆಂಟು ಕೊಡುತ್ತದಲ್ಲ, ಅದರ ಶಾಫ್ಟಿಗೆ ಹಲ್ಲಿನ ಚಕ್ರ, ಚಕ್ರಕ್ಕೊಂದು ಹಿಡಿಕೆ. ಒಂದು ಸ್ವಿಚ್ಚು. ಅದನ್ನು ಈ ಕಡೆ ಹಾಕಿದರೆ 2 ವ್ಯಾಟ್‌ನ ಎಲ್‌ಇಡಿ, ಆ ಕಡೆ ಹಾಕಿದರೆ ವಾಹನಗಳ ಬ್ರೇಕ್ ಲೈಟಿಗೆ ಹಾಕುವ 21 ವ್ಯಾಟ್‌ನ ತಂತಿ ಬಲ್ಬು. ಎಲ್‌ಇಡಿಗೆ ಹಿಡಿಕೆ ಹೂವಿನಂತೆ ತಿರುಗುತ್ತದೆ. ಸ್ವಿಚ್ಚು ಬದಲಿಸಿದ ತಕ್ಷಣ ಯಾರೋ ಆ ಕಡೆಯಿಂದ ಹಿಡಿದು ಜಗ್ಗಿದ ಹಾಗೆ ಭಾರವಾಗುತ್ತದೆ. ಬೆಳಕು ಬಿಟ್ಟಿ ಬರುವುದಿಲ್ಲ ಎನ್ನುವುದು ಪಾಠ ಓದದೆಯೇ ರಟ್ಟೆಗೆ ಗೊತ್ತಾಗುತ್ತದೆ. ನಾನು ಈಗಲೂ ಹೇಳುತ್ತೇನೆ, ಐಡಿಯಾ ಚೆನ್ನಾಗಿತ್ತು.

ಕೆಟ್ಟದ್ದು ನನ್ನ ಬೋರ್ಡಿನಿಂದಲೇ ಶುರುವಾಯಿತು. ಜನ ಹಿಂಜರಿಯದೆ ಮುಟ್ಟಲಿ ಅಂತ ದಪ್ಪ ಕೆಂಪು ಅಕ್ಷರದಲ್ಲಿ "ಮುಟ್ಟಿ ನೋಡಿ!" ಎಂದು ಬರೆದು ಮೇಜಿನ ಮುಂದೆ ಅಂಟಿಸಿದ್ದೆ. ಬೆಳಗ್ಗೆಯಿಂದ ಒಬ್ಬರೂ ಮುಟ್ಟಲಿಲ್ಲ. ಹತ್ತಿರ ಬರುತ್ತಾರೆ, ಓದುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿಕೊಳ್ಳುತ್ತಾರೆ. ಒಬ್ಬ ತಾಯಿಯಂತೂ ಮಗುವಿನ ಕೈ ಎಳೆದು, "ಬಾ, ಅವರು ಬೈತಾರೆ" ಅಂದರು. ಆಗ ಹೊಳೆಯಿತು. ನಮ್ಮ ಭಾಷೆಯಲ್ಲಿ "ಮುಟ್ಟಿ ನೋಡು" ಅನ್ನುವುದು ಆಹ್ವಾನವಲ್ಲ, ಜಗಳದ ಮೊದಲ ಮಾತು. ಅದಕ್ಕೆ ಕೆಂಪು ಬಣ್ಣ ಬೇರೆ, ಆಶ್ಚರ್ಯಸೂಚಕ ಬೇರೆ.

ಬೋರ್ಡು ಕಿತ್ತು, ಬಣ್ಣದ ಕಾಗದದ ಅಕ್ಷರ ಕತ್ತರಿಸಿ "ತಿರುಗಿಸಿ" ಎಂದು ಅಂಟಿಸಿದೆ. ಗೋಂದು ಒಣಗುವ ಮೊದಲೇ ಕೊನೆಯ "ಸಿ" ಉದುರಿಹೋಗಿತ್ತು. ವಯಸ್ಸಾದವರೊಬ್ಬರು ಬಂದು ಓದಿ, ಪಾಪ, ತಿರುಗಿ ತಮ್ಮ ಬೆನ್ನ ಹಿಂದೆ ಏನಿದೆ ಅಂತ ನೋಡಿದರು.

ನನ್ನ ಇನ್ನೊಂದು ಸಾಹಿತ್ಯಕೃತಿ ಪಕ್ಕದ ಗೋಡೆಯ ಮೇಲಿತ್ತು. ಮೈಕೆಲ್ ಫ್ಯಾರಡೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ ಕಂಡುಹಿಡಿದದ್ದರಿಂದ ಹಿಡಿದು ಮೂರು ಪುಟದಷ್ಟು ವಿವರಣೆ. ಅದನ್ನು ಮೊದಲಿಂದ ಕೊನೆಯವರೆಗೂ ಓದಿದವರು ಒಬ್ಬರೇ. ಓದಿ ಮುಗಿಸಿ ನನ್ನ ಕಡೆ ನೋಡಿ, "ಶೌಚಾಲಯ ಯಾವ ಕಡೆ ಅಂತ ಇದರಲ್ಲಿ ಎಲ್ಲೂ ಬರೆದಿಲ್ವಲ್ಲ?" ಅಂದರು.

ಅಂತೂ ಮಧ್ಯಾಹ್ನ ಒಬ್ಬ ಹುಡುಗ ಯಾವ ಬೋರ್ಡನ್ನೂ ಓದದೆ ಸೀದಾ ಬಂದು ಹಿಡಿಕೆಗೆ ಕೈ ಹಾಕಿದ. ತಿರುಗಿಸಿದ. ಎಲ್‌ಇಡಿ ಹತ್ತಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದ. ಇಲ್ಲ. ಒಂದು ತಿಂಗಳು ದಿನಾ ತಿರುಗಿಸಿ ನೋಡಿದ ಯಂತ್ರ! ಸೋಲ್ಡರಿಂಗ್ ಹುಡುಗಿ ಮೇಜಿನ ಕೆಳಗೆ ನುಗ್ಗಿ ವೈರುಗಳನ್ನು ತಡಕಾಡಿದಳು. ನಾಯಕ ಬೈಯಲು ಯಾರು ಸಿಗುತ್ತಾರೆ ಅಂತ ಸುತ್ತ ನೋಡಿದ. ಆಮೇಲೆ ಗಮನಿಸಿದರೆ, ಹುಡುಗ ಎಡಚ. ಹಿಡಿಕೆಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸುತ್ತಿದ್ದಾನೆ. ಎಲ್‌ಇಡಿ ಎಂದರೆ ಡಯೋಡು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಉಲ್ಟಾ ತಿರುಗಿಸಿದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿ ತೆಪ್ಪಗೆ ಕೂರುತ್ತದೆ. ನಾವು ನಾಲ್ವರೂ ಬಲಗೈಯವರು. ಇನ್ನೊಂದು ಕಡೆಗೂ ತಿರುಗಿಸಬಹುದು ಅನ್ನುವುದು ನಾಲ್ಕು ತಲೆಗೂ ಹೊಳೆದಿರಲಿಲ್ಲ.

"ಪರವಾಗಿಲ್ಲ ಪುಟ್ಟಾ, ದೊಡ್ಡ ಬಲ್ಬು ಹಾಕಿ ನೋಡು" ಅಂದೆ. ತಂತಿ ಬಲ್ಬಿಗೆ ದಿಕ್ಕಿನ ಭೇದವಿಲ್ಲ, ಅದು ಹತ್ತಿತು. ಹುಡುಗನಿಗೆ ಖುಷಿಯೋ ಖುಷಿ. ಹಿಡಿಕೆ ಭಾರವಾದದ್ದೇ ತಡ, ಹಲ್ಲು ಕಚ್ಚಿ ಮೈಯ ಬಲವನ್ನೆಲ್ಲ ಹಾಕಿ ತಿರುಗಿಸಿದ. ಮರುಕ್ಷಣ ಹಿಡಿಕೆ ಅವನ ಕೈಯಲ್ಲಿ, ಯಂತ್ರ ಮೇಜಿನ ಮೇಲೆ. ನಮ್ಮ ಬಡಗಿ ಹಿಡಿಕೆಯನ್ನು ಸ್ಕ್ರೂ ಥ್ರೆಡ್ ಮೇಲೆ ಕೂರಿಸಿದ್ದ. ಬಲಕ್ಕೆ ತಿರುಗಿಸಿದಷ್ಟೂ ಅದು ಬಿಗಿಯಾಗುತ್ತಿತ್ತು, ಎಡಕ್ಕೆ ತಿರುಗಿಸಿದರೆ ತಾನೇ ಬಿಚ್ಚಿಕೊಳ್ಳುತ್ತಿತ್ತು. ಸೈಕಲ್ಲಿನ ಎಡ ಪೆಡಲಿಗೆ ಉಲ್ಟಾ ಥ್ರೆಡ್ ಕೊಡುವುದು ಯಾಕೆ ಅಂತ ಅವತ್ತು ಅರ್ಥವಾಯಿತು. ಜನರ ಕೈ ಕೇಳಿದ್ದೆವು, ಯಂತ್ರ ನಮಗೇ ಕೈಕೊಟ್ಟಿತ್ತು.

ಹುಡುಗನ ಮುಖ ಅಳುವಂತಾಯಿತು. ಅವನನ್ನು ಸಮಾಧಾನಪಡಿಸಲು ಅವನ ಕೈಗೇ ಸ್ಪ್ಯಾನರ್ ಕೊಟ್ಟು, ಮೇಜಿನ ಮೇಲೆಯೇ ಯಂತ್ರ ಬಿಚ್ಚಿದೆವು. ಬಡಗಿ ಹಿಡಿಕೆ, ಶಾಫ್ಟು ಎರಡಕ್ಕೂ ಅಡ್ಡ ತೂತು ಕೊರೆದು ಪಿನ್ನು ಹೊಡೆದ. ಹುಡುಗಿ ನಾಲ್ಕು ಡಯೋಡು ಜೋಡಿಸಿ, ಹೇಗೆ ತಿರುಗಿಸಿದರೂ ಎಲ್‌ಇಡಿಗೆ ಕರೆಂಟು ಒಂದೇ ದಿಕ್ಕಿನಲ್ಲಿ ಹೋಗುವಂತೆ ಮಾಡಿದಳು. ತಲೆಯೆತ್ತಿ ನೋಡಿದರೆ ಸುತ್ತ ಜನವೋ ಜನ. ಬೆಳಗ್ಗೆ ಕೈ ಕಟ್ಟಿ ನಿಂತಿದ್ದವರೆಲ್ಲ ಈಗ ನಟ್ಟು ಹಿಡಿದುಕೊಂಡಿದ್ದಾರೆ, ಟಾರ್ಚು ಬಿಡುತ್ತಿದ್ದಾರೆ, "ಅದನ್ನ ಹಾಗಲ್ಲ, ಹೀಗೆ ಹಿಡೀರಿ" ಎನ್ನುತ್ತಿದ್ದಾರೆ. ಶೌಚಾಲಯ ಕೇಳಿದವರೂ ವಾಪಸು ಬಂದಿದ್ದರು.

ಅಷ್ಟರಲ್ಲಿ ಆಯೋಜಕರು ಬಂದು, "ಏನ್ರಪ್ಪಾ, ಕೆಟ್ಟಿದೆಯಾ?" ಅಂದರು. ನಾಯಕ ಒಂದು ಕ್ಷಣವೂ ತಡವರಿಸಲಿಲ್ಲ. "ಇಲ್ಲ ಸರ್. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫ್ರಾಂಕ್ ಒಪೆನ್‌ಹೈಮರ್ 1969ರಲ್ಲಿ ಎಕ್ಸ್‌ಪ್ಲೊರೇಟೋರಿಯಂ ಅಂತ ವಿಜ್ಞಾನ ಸಂಗ್ರಹಾಲಯ ಶುರು ಮಾಡಿದರಲ್ಲ, ಅಲ್ಲಿ ವರ್ಕ್‌ಶಾಪನ್ನೂ ಜನರ ಕಣ್ಣೆದುರಿಗೇ ಇಟ್ಟಿದ್ದಾರೆ. ನಾವೂ ಅದೇ ಪದ್ಧತಿ." ಮಾತೇನೋ ನಿಜ. ಆದರೆ ಹೇಳುವಾಗ ಅವನ ಬೆನ್ನ ಹಿಂದಿನ ಕೈಯಲ್ಲಿ ಎರಡು ಸ್ಕ್ರೂ ಉಳಿದಿದ್ದವು. ಅವು ಎಲ್ಲಿಯವು ಅನ್ನುವುದು ಕೊನೆಗೂ ಗೊತ್ತಾಗಲಿಲ್ಲ.

ಯಂತ್ರ ಸರಿಹೋಯಿತು. ಎಡಕ್ಕೂ ತಿರುಗಿತು, ಬಲಕ್ಕೂ ತಿರುಗಿತು, ಎರಡೂ ಬಲ್ಬು ಹತ್ತಿದವು. ಜನ ಒಂದೊಂದು ಸಲ ತಿರುಗಿಸಿ, ಚಪ್ಪಾಳೆ ತಟ್ಟಿ ಚದುರಿದರು. ಒಬ್ಬಳು ಪುಟ್ಟ ಹುಡುಗಿ ಮಾತ್ರ ಮೇಜಿನ ಅಂಚು ಹಿಡಿದು ನಿಂತೇ ಇದ್ದಳು.

"ತಿರುಗಿಸ್ತೀಯಾ ಪುಟ್ಟಿ?" ಅಂದೆ.

ಬೇಡ ಎಂದು ತಲೆಯಾಡಿಸಿದಳು. "ಮತ್ತೆ ಯಾವಾಗ ಕೆಡತ್ತೆ?"