ಗೆಣಸು ಅಗೆದು ಗುಂಡಿ ಮುಚ್ಚುವವರು

ಭಾನುವಾರ ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ಸುತ್ತಾಡಿ ಬಂದು ಟೀ ಕುಡಿಯುತ್ತಿದ್ದೆವು. ಗೆಳೆಯ ಶುರು ಮಾಡಿದ, "ಕಾಡು ಉಳೀಬೇಕು ಅಂದ್ರೆ ಒಳಗಿರೋ ಜನಾನ ಮೊದ್ಲು ಹೊರಗೆ ಕಳಿಸ್ಬೇಕು ಕಣೋ."

ನನಗೆ ನಗು ಬಂತು. 2021ರಲ್ಲಿ ಇದೇ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂದಾಗ ಬೇಡ ಅಂತ ಎದ್ದು ನಿಂತಿದ್ದು ಸುತ್ತಮುತ್ತಲಿನ ಜನವೇ ಅಲ್ವಾ? ವಾರಕ್ಕೊಮ್ಮೆ ಬಂದು ಹೋಗುವ ನಮಗೇ ಇದು 'ನಮ್ಮ ಕಾಡು'. ಕಾಡಲ್ಲೇ ಹುಟ್ಟಿದವರ ಮಾತು ಬಂದರೆ ಮಾತ್ರ ಅನುಮಾನ.

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರನ್ನೇ ನೋಡಿ. ಕಾಡುಗೆಣಸು ಅಗೆದರೆ ಬಳ್ಳಿಯ ಬುಡ ಬಿಟ್ಟು ಮತ್ತೆ ಮಣ್ಣು ಮುಚ್ಚುತ್ತಾರೆ. ಜೇನು ಇಳಿಸುವಾಗ ಹುಳಕ್ಕೂ ಒಂದು ಪಾಲು ಬಿಡುತ್ತಾರೆ. ಬರುವ ವರ್ಷವೂ ಅಲ್ಲಿಗೇ ಹೋಗಬೇಕಲ್ಲ!

ಅವರದ್ದೊಂದು 'ತರಗು ಬೆಂಕಿ' ಇತ್ತು. ಬೇಸಿಗೆ ಬಲಿಯುವ ಮೊದಲೇ ಒಣ ಎಲೆಗಳಿಗೆ ಸಣ್ಣಗೆ ಬೆಂಕಿ ಹಾಕುವುದು. ನೆಲದ ಕಸ ಸುಟ್ಟು ಹೊಸ ಹುಲ್ಲು ಬರುತ್ತಿತ್ತು, ದೊಡ್ಡ ಮರಗಳಿಗೆ ಏನೂ ಆಗುತ್ತಿರಲಿಲ್ಲ. 1974ರಲ್ಲಿ ಅಭಯಾರಣ್ಯವಾಯಿತು, ಬೆಂಕಿ ನಿಂತಿತು. ಆಮೇಲೆ ಲಂಟಾನ ಎಂಬ ಕಳೆಪೊದೆ ಕಾಡನ್ನೆಲ್ಲ ತುಂಬಿತು, ನೆಲ್ಲಿ ಮರಗಳ ಮೇಲೆ ಅವುಗಳ ಸಾರ ಹೀರುವ ಬಂದಳಿಕೆ ಜಾಸ್ತಿಯಾಯಿತು. ಬೆಂಕಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ ಸೋಲಿಗರು. ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ನಿಲ್ಲಿಸುವ ಮೊದಲು ಅವರನ್ನು ಒಂದು ಮಾತು ಕೇಳಬಹುದಿತ್ತು. (ಅಂದಹಾಗೆ, ಲಂಟಾನವನ್ನು ಅಂದದ ಹೂವಿನ ಗಿಡ ಅಂತ ಈ ದೇಶಕ್ಕೆ ತಂದವರು ಬ್ರಿಟಿಷರು. ಸೋಲಿಗರಲ್ಲ.)

2011ರ ಶುರುವಿನಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ, ಸೋಲಿಗರ ಸಮುದಾಯ ಹಕ್ಕಿಗೂ ಮಾನ್ಯತೆ ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಹೀಗಾಗಿದ್ದು ಅದೇ ಮೊದಲು. ಜೇನು, ನೆಲ್ಲಿ, ಪಾಸೆ (ಕಲ್ಲುಹೂವು) ತರೋದು ಕಳ್ಳತನ ಅಲ್ಲ, ಹಕ್ಕು ಅಂತಾಯಿತು.

"ಹಕ್ಕು ಕೊಟ್ಟರೆ ದೋಚಲ್ವಾ?" ಅಂದ ಗೆಳೆಯ. ಅವಸರಕ್ಕೆ ನೆಲ್ಲಿಯ ಕೊಂಬೆಯನ್ನೇ ಕಡಿದವರು ಇಲ್ಲವೇ ಇಲ್ಲ ಅಂತ ನಾನು ವಾದಿಸಲಿಲ್ಲ. ಸೋಲಿಗರೇನು ದೇವರಲ್ಲ. ಆದರೆ ನಾಳೆ ಒಳಗೆ ಬಿಡ್ತಾರೋ ಇಲ್ವೋ ಅನ್ನೋ ಭಯ ಇದ್ದವನು ಇವತ್ತೇ ಎಲ್ಲ ಕಿತ್ತುಕೊಳ್ಳುತ್ತಾನೆ. ಬಾಡಿಗೆ ಮನೆ ಗೋಡೆಗೆ ನಾವು ಎಷ್ಟು ಸಲ ಸುಣ್ಣ ಹೊಡೆದಿದ್ದೀವಿ ಹೇಳಿ?

ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಬೆಂಗಳೂರಿಂದ ಹೋದ ನಾವು ದುಡ್ಡು ಕಟ್ಟಿ ಅದೇ ಬೆಟ್ಟದ ಕೆ.ಗುಡಿಯಲ್ಲಿ ಸಫಾರಿ ಜೀಪು ಹತ್ತುತ್ತೇವೆ. ಯಾಕೆ ಬಂದ್ರಿ ಅಂತ ಯಾರೂ ಕೇಳಲ್ಲ.