ಸದ್ಯಕ್ಕೆ ಇಟ್ಟ ಪೇಪರ್

ನಮ್ಮ ಆಫೀಸಿನ ಮೀಟಿಂಗ್ ಟೇಬಲ್ಲಿಗೆ ಒಂದು ಕಾಲು ಗಿಡ್ಡ. ಕೈ ಊರಿದ್ರೆ ಸಾಕು, ಟಕ್ ಅಂತ ವಾಲತ್ತೆ, ಲೋಟದಲ್ಲಿರೋ ನೀರು ತುಳುಕತ್ತೆ. ಯಾವಾಗ್ಲೋ ಯಾರೋ ಪುಣ್ಯಾತ್ಮರು ಒಂದು ಪೇಪರ್ ಮಡಚಿ ಕಾಲಿನ ಕೆಳಗೆ ತುರುಕಿ "ಸದ್ಯಕ್ಕೆ ಇರಲಿ ಬಿಡು" ಅಂದಿದ್ರು. ಆ ಸದ್ಯಕ್ಕೆ ಈಗ ಮೂರು ವರ್ಷ. ಅಂದವರು ಕೆಲಸ ಬಿಟ್ಟು ಹೋದ್ರು, ಪೇಪರ್ ಹೋಗ್ಲಿಲ್ಲ. ಹೊಸದಾಗಿ ಸೇರಿದೋರು ಅದು ಟೇಬಲ್ ಜೊತೆಗೇ ಬಂದಿದ್ದು ಅಂದ್ಕೊಂಡಿದಾರೆ, ಒಂದಿನ ಕಸ ಗುಡಿಸೋರು ಎತ್ತಿ ಬಿಸಾಕಿದಾಗ ನಾವೆಲ್ಲ ಆಸ್ತಿ ಕಳ್ಕೊಂಡ ಹಾಗೆ ಕೂಗಾಡಿದ್ವಿ, ಪಾಪ ಅವರಿಗೆ ಏನು ತಪ್ಪಾಯ್ತು ಅಂತಾನೇ ಗೊತ್ತಾಗ್ಲಿಲ್ಲ.

"ಇರಲಿ ಬಿಡು" ಕೆಟ್ಟ ಮಾತು ಅಂತ ನಾನಂತೂ ಹೇಳಲ್ಲ. ಅದಿಲ್ದೆ ಯಾವ ಸಂಸಾರಾನೂ ಒಂದು ವಾರ ನಡೆಯಲ್ಲ. ನಟ್ಟು ಬೋಲ್ಟಿಗೆ ಹೇಳಿದಾಗ್ಲೇ ಫಜೀತಿ.

ಟೊಯೋಟಾ ಕಾರ್ಖಾನೆಗಳಲ್ಲಿ ಕಾರ್ ಜೋಡಿಸೋ ಲೈನ್ ಉದ್ದಕ್ಕೂ ಒಂದು ಹಗ್ಗ ಕಟ್ಟಿರ್ತಿದ್ರು, ಅಂಡಾನ್ ಅಂತಾರೆ ಆ ವ್ಯವಸ್ಥೆಗೆ, ಏನೋ ಸರಿಯಿಲ್ಲ ಅನ್ಸಿದ್ರೆ ಯಾವ ಕೆಲಸಗಾರ ಬೇಕಾದ್ರೂ ಎಳೀಬಹುದು, ಎಳೆದ್ರೆ ದೀಪ ಹತ್ತಿ ಮೇಲಿನವರು ಓಡಿ ಬರ್ತಾರೆ, ಬೇಗ ಸರಿಹೋಗ್ಲಿಲ್ಲ ಅಂದ್ರೆ ಲೈನೇ ನಿಲ್ಲತ್ತೆ. ನಾನಾಗಿದ್ರೆ ಎಳೀತಿರ್ಲಿಲ್ವೇನೋ. ಇಡೀ ಫ್ಯಾಕ್ಟರಿ ತಿರುಗಿ ನನ್ನೇ ನೋಡತ್ತಲ್ಲ!

ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಕಥೆ ಓದಿದಾಗಿಂದ ಈ ಪೇಪರ್ ಇನ್ನೂ ಕಾಡೋಕೆ ಶುರುವಾಯ್ತು. ಅದನ್ನ ಹೊತ್ತೊಯ್ಯೋ ರಾಕೆಟ್ಟಿನ ಕೀಲುಗಳಲ್ಲಿ ಬಿಸಿ ಗ್ಯಾಸ್ ಸೋರದ ಹಾಗೆ ರಬ್ಬರ್ ಉಂಗುರಗಳಿದ್ವು, ಹಿಂದಿನ ಹಾರಾಟಗಳಲ್ಲೇ ಅವು ಅಲ್ಲಲ್ಲಿ ಸುಟ್ಟು ಸವೆದಿದ್ದು ರಾಕೆಟ್ ಕೆಲಸ ನೋಡ್ಕೊಳ್ಳೋರಿಗೆ ಗೊತ್ತಿತ್ತು, ಆದ್ರೆ ನೌಕೆ ಕ್ಷೇಮವಾಗಿ ವಾಪಸ್ ಬರ್ತಿತ್ತಲ್ಲ, ಸರಿ, ಇರಲಿ ಬಿಡು. ಚಳಿ ಜಾಸ್ತಿ ಇದೆ, ರಬ್ಬರ್ ಗಟ್ಟಿಯಾಗತ್ತೆ, ಬೇಡ ಅಂತ ಹಿಂದಿನ ರಾತ್ರಿ ಎಂಜಿನಿಯರುಗಳು ಬಡ್ಕೊಂಡ್ರು. 1986ರ ಜನವರಿ 28ಕ್ಕೆ ಹಾರಿಸಿಯೇ ಬಿಟ್ರು, 73 ಸೆಕೆಂಡಿಗೆ ಚೂರಾಯ್ತು, 7 ಜನ ಹೋದ್ರು. ಖಳನಾಯಕ ಅಂತ ಒಬ್ಬನನ್ನ ಬೆರಳು ಮಾಡಿ ತೋರಿಸೋಕೂ ಆಗಲ್ಲ, ಮೀಟಿಂಗಲ್ಲಿ ಕೂತು ತಲೆಯಾಡಿಸಿದ ನಮ್ಮಂಥೋರೇ ಎಲ್ಲ.

ಆ ಕಥೆ ಓದಿದ ಮಾರನೇ ದಿನ ಬೇಗ ಆಫೀಸಿಗೆ ಹೋಗಿ ಟೇಬಲ್ ಕೆಳಗೆ ತೂರಿಕೊಂಡೆ. ನೋಡಿದ್ರೆ ಕಾಲಿನ ತುದಿಯಲ್ಲೇ ಎತ್ತರ ತಗ್ಗು ಮಾಡೋ ತಿರುಪು ಇದೆ! ಅರ್ಧ ನಿಮಿಷದ ಕೆಲಸ. ಎರಡು ಸುತ್ತು ತಿರುಗಿಸಿ, ಮಂಡಿ ಒರೆಸಿಕೊಂಡು ಎದ್ದು, ಹೆಮ್ಮೆಯಿಂದ ಕೈ ಊರಿದೆ. ಟಕ್. ಈಗ ಪಕ್ಕದ ಕಾಲು ಎದ್ದಿದೆ. ಅಷ್ಟೊತ್ತಿಗೆ ಜನ ಬರೋಕೆ ಶುರುವಾಗಿತ್ತು, ಅದೇ ಪೇಪರನ್ನ ಆ ಕಾಲಿಗೆ ಇಟ್ಟೆ, ಸದ್ಯಕ್ಕೆ.