ರಿಯಾಯಿತಿಗಿಂತ ಮೊದಲು ಕೊಟೇಶನ್ ಹಾಳೆಯನ್ನು ಓದಿ

ಹೊಸ ಕಾರು ಕಡಿಮೆ ಬೆಲೆಗೆ ಸಿಗಬೇಕಾದರೆ ಹಬ್ಬದ ರಿಯಾಯಿತಿಗೆ ಕಾಯಬೇಕೆಂದು ಲೇಖನವೊಂದು ಕೊಟ್ಟ ಸಲಹೆ ತಪ್ಪಲ್ಲ, ಆದರೆ ಅದೊಂದೇ ಸಾಲದು. ಕಳೆದ ವರ್ಷ ದಾವಣಗೆರೆಯ ಷೋರೂಮೊಂದರಲ್ಲಿ ನನ್ನ ಕೈಗಿತ್ತ ಕೊಟೇಶನ್ನಿನಲ್ಲಿ 20,000 ರೂಪಾಯಿ ರಿಯಾಯಿತಿಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿದ್ದರು. ಅದರ ಕೆಳಗೇ ‘ಹ್ಯಾಂಡ್ಲಿಂಗ್ ಚಾರ್ಜ್’ ಎಂದು 7,500 ರೂಪಾಯಿ ಮತ್ತು ನಾನು ಕೇಳದಿದ್ದ ಸೀಟ್ ಕವರು, ಮ್ಯಾಟುಗಳಿಗೆ 14,000 ರೂಪಾಯಿ ಸೇರಿಸಿದ್ದರು. ಅಂದರೆ ಕೊಟ್ಟದ್ದಕ್ಕಿಂತ ಹೆಚ್ಚನ್ನೇ ಹಿಂದಕ್ಕೆ ಪಡೆದಿದ್ದರು. ಇವೆರಡನ್ನೂ ತೆಗೆಯಿರೆಂದು ಪಟ್ಟು ಹಿಡಿದಾಗ ತೆಗೆದರು.

ವಿಮೆಯಲ್ಲೂ ಉಳಿತಾಯವಾಯಿತು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಗೆ) ಕಡ್ಡಾಯ, ಅದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಆದರೆ ನಮ್ಮ ವಾಹನಕ್ಕಾಗುವ ಹಾನಿಯ ಭಾಗದ ಪ್ರೀಮಿಯಂ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ, ಅದನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ನಿಯಮವಿಲ್ಲ. ನಾನು ಹೊರಗಿನಿಂದ ತಂದ ದರವನ್ನು ಮೇಜಿನ ಮೇಲಿಟ್ಟ ಅರ್ಧ ಗಂಟೆಯಲ್ಲಿ ಅವರು 9,000 ರೂಪಾಯಿ ಇಳಿಸಿದರು.

ರಾಜ್ಯದ ಜೀವಿತಾವಧಿ ತೆರಿಗೆ ಚಿತ್ರದುರ್ಗದಲ್ಲೂ ಶಿವಮೊಗ್ಗದಲ್ಲೂ ಒಂದೇ ಆಗಿರುವುದರಿಂದ, ಎರಡು ಊರುಗಳ ಕೊಟೇಶನ್ ತರಿಸಿ ಉಳಿದ ಸಾಲುಗಳನ್ನಷ್ಟೇ ಹೋಲಿಸಿದರೆ ಸಾಕು. ಬೆಲೆ ಹತ್ತು ಲಕ್ಷ ದಾಟಿದರೆ ಶೇ 1ರಷ್ಟು ಟಿಸಿಎಸ್ (ಮಾರುವವರೇ ಸಂಗ್ರಹಿಸಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಸೇರುತ್ತದೆ. ಅದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ವರ್ಷಾಂತ್ಯದ ರಿಯಾಯಿತಿಯಲ್ಲಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಕಾರು ತಯಾರಾದ ತಿಂಗಳು, ವರ್ಷವನ್ನು ಬರಹದಲ್ಲಿ ಕೇಳಿ ಪಡೆಯಲಿ, ಏಕೆಂದರೆ ಮುಂದೆ ಮಾರುವಾಗ ಬೆಲೆ ಕಟ್ಟುವುದು ಆ ವರ್ಷವನ್ನು ನೋಡಿಯೇ.